ಅರ್ಧ ಗಡ್ಡದ ಅಧ್ಯಕ್ಷರು

ಗೆಲ್ಲುವವರೆಗೂ ಗಡ್ಡ ತೆಗೆಸುವುದಿಲ್ಲವೆಂದು ಪಣ ತೊಟ್ಟಿದ್ದ ಚೆನ್ನಿಗಪ್ಪ ಕೂದಲೆಳೆಯಲ್ಲಿ ಗೆದ್ದು ಪಂಚಾಯ್ತಿ ಅಧ್ಯಕ್ಷನಾದ. ಮೆರವಣಿಗೆಯನ್ನು ಬೀದಿಯಲ್ಲೇ ನಿಲ್ಲಿಸಿ ಕ್ಷೌರದಂಗಡಿಗೆ ಬಂದು ಕೂತ.

"ಸೋತ ಮರಿಯಣ್ಣನ ಕಡೆಯವರ ಗಡ್ಡ ಮುಟ್ಟಿದರೆ ನಿನ್ನ ಅಂಗಡಿ ಇರಲ್ಲ. ಗೆದ್ದೋರಿಗೆ ರಾಜಿ ಯಾಕೆ?"

"ಆಗಲಿ ಅಧ್ಯಕ್ಷರೆ," ಎಂದ ಕ್ಷೌರಿಕ ಬಲಗೆನ್ನೆ ನುಣ್ಣಗೆ ಬೋಳಿಸಿ ಕತ್ತಿ ಮಡಚಿಟ್ಟ.

ಕನ್ನಡಿ ನೋಡಿದ ಚೆನ್ನಿಗಪ್ಪ ಹೌಹಾರಿದ. ಹೊರಗೆ ತಮಟೆ ಜೋರಾಯಿತು. "ಏನಯ್ಯ ಇದು?"

"ಈಗ ನಿಮ್ಮದು ಇಡೀ ಊರಿನ ಮುಖ. ಅರ್ಧ ಊರು ನಿಮ್ಮದು, ತೆಗೆದೆ. ಉಳಿದರ್ಧ ಮರಿಯಣ್ಣನೋರದು. ಮುಟ್ಟಬೇಡ ಅಂದ್ರಲ್ಲ."

ಚೆನ್ನಿಗಪ್ಪ ಹೊರಗಿನ ಮೆರವಣಿಗೆಯತ್ತ ಇಣುಕಿ, ಉಳಿದರ್ಧ ಗಡ್ಡವನ್ನು ಅಂಗೈಯಲ್ಲಿ ಮುಚ್ಚಿಕೊಂಡ. ಕೊನೆಗೆ ಮೆಲ್ಲಗೆ ಅಂದ: "ಮರಿಯಣ್ಣನ್ನ ಕರೆಸು. ಮೊದಲು ಅವನ ಗಡ್ಡ ತೆಗಿ, ಆಮೇಲೆ ನಂದು."

ಮರಿಯಣ್ಣ ಬಂದು ಆರಾಮಾಗಿ ಕುರ್ಚಿಗೊರಗಿದ. "ಕಟಿಂಗೂ ಮಾಡಿಬಿಡಪ್ಪ. ಅವಸರ ಇಲ್ಲ."