ಹೆಜ್ಜಾರ್ಲೆ ಹಿಡಿದ ನವಿಲುಮೀನು

ಒಂದು ಕಾಡಿನಲ್ಲಿ ದೊಡ್ಡ ಕೆರೆಯೊಂದಿತ್ತು. ಅದರ ದಡದಲ್ಲಿ ಜೋಳಿಗಪ್ಪ ಎಂಬ ಹೆಜ್ಜಾರ್ಲೆ ವಾಸವಾಗಿದ್ದ. ಹೆಜ್ಜಾರ್ಲೆ ಗೊತ್ತಲ್ಲ ಮಕ್ಕಳೇ, ಕೊಕ್ಕಿನ ಕೆಳಗೆ ಚೀಲ ಇರುವ ಹಕ್ಕಿ. ಜೋಳಿಗಪ್ಪನ ಚೀಲ ದೊಡ್ಡದು. ಜಂಬ ಇನ್ನೂ ದೊಡ್ಡದು.

"ಈ ಕೆರೆಯ ಮೀನು ಯಾವ ಲೆಕ್ಕ? ಹಿಡಿದರೆ ನವಿಲುಮೀನು ಹಿಡೀಬೇಕು!" ಎಂದು ದಿನಾ ಕೊಚ್ಚಿಕೊಳ್ಳುತ್ತಿದ್ದ.

ನವಿಲುಮೀನು ನಮ್ಮ ಕಡೆಯದಲ್ಲ. ಸಮುದ್ರದಾಚೆಯ ದೇಶದ ಕಾಡುಹೊಳೆಯದು. ಹೊನ್ನಿನ ಬಣ್ಣದ ಮೈ, ಮೇಲೆ ಕಪ್ಪು ಪಟ್ಟೆ, ಬಾಲದಲ್ಲಿ ನವಿಲುಗರಿಯ ಕಣ್ಣಿನಂಥ ಮಚ್ಚೆ. ಹಿಡಿಯಲು ಹೋದವರ ಜೊತೆ ಜಗಜಟ್ಟಿಯ ಹಾಗೆ ಕಾದಾಡುತ್ತದೆ. ಅದನ್ನು ಹಿಡಿದವರಿಗೆ ಎಲ್ಲ ಕಡೆ ಮರ್ಯಾದೆ.

ಆ ವರ್ಷ ಹೆಜ್ಜಾರ್ಲೆಗಳ ಹಿಂಡು ಆ ದೇಶಕ್ಕೆ ಹೊರಟಿತು. ಜೋಳಿಗಪ್ಪ ಎಲ್ಲರಿಗಿಂತ ಮುಂದೆ ಹಾರಿದ. ಅನೇಕ ದಿನ ಹಾರಿ, ರೆಕ್ಕೆ ಸೋತು, ಕೊನೆಗೆ ಎಲ್ಲರೂ ಆ ಹೊಳೆಯ ದಡದಲ್ಲಿ ಇಳಿದರು.

ಅಲ್ಲಿ ಹೊಳೆಗೆಲ್ಲ ಹಿರಿಯಳು ಒಬ್ಬ ನೀರುನಾಯಿ ಅಜ್ಜಿ. ಬಂದವರನ್ನು ಅವಳು ಪ್ರೀತಿಯಿಂದ ಮಾತಾಡಿಸಿದಳು. ಆಮೇಲೆ ಹೇಳಿದಳು: "ನೋಡ್ರಪ್ಪಾ, ನವಿಲುಮೀನು ನಮ್ಮಲ್ಲಿ ಆಟಕ್ಕೆ, ಊಟಕ್ಕಲ್ಲ. ಹಿಡೀರಿ, ಬಂಡೆ ಮೇಲೆ ತಂದು ತೋರಿಸಿ. ನಾವೆಲ್ಲ ಭೇಷ್ ಅಂತೀವಿ. ಆಮೇಲೆ ಎಲ್ಲಿ ಹಿಡಿದ್ರೋ ಅಲ್ಲೇ ಬಿಡಬೇಕು. ಬಿಡೋದನ್ನ ನೋಡೋಕೆ ನಾವೂ ಜೊತೇಲಿ ಬರ್ತೀವಿ, ಅದು ನಮ್ಮ ಪದ್ಧತಿ."

"ಆಗಲಿ ಅಜ್ಜಿ," ಎಂದ ಜೋಳಿಗಪ್ಪ.

"ಇನ್ನೊಂದು ಮಾತು. ಮಡುವಿನ ಬಾಯಿಗೆ ಹಸಿರು ಕೊಂಬೆ ಅಡ್ಡ ಹಾಕಿದ್ರೆ ಅಲ್ಲಿಗೆ ಕಾಲಿಡಬೇಡಿ. ಒಳಗೆ ಮರಿ ಸಾಕೋ ತಾಯಿ ಇರ್ತಾಳೆ. ಮರಿಗಳ ಹತ್ತಿರ ಯಾರು ಸುಳಿದ್ರೂ ಹಿಂದೆ ಮುಂದೆ ನೋಡದೆ ಮೇಲೆ ಬೀಳ್ತಾಳೆ. ಆಗ ಅವಳನ್ನ ಎಂಥ ದಡ್ಡನೂ ಹಿಡೀಬಹುದು. ಅದಕ್ಕೇ ನಾವು ಯಾರೂ ಹಿಡಿಯಲ್ಲ."

"ಛೆ ಛೆ! ನಾನು ಅಂಥವನಾ ಅಜ್ಜಿ?" ಎಂದು ಜೋಳಿಗಪ್ಪ ಕೆನ್ನೆ ಬಡಿದುಕೊಂಡ. ಹೆಜ್ಜಾರ್ಲೆಗೆ ಕೆನ್ನೆ ಎಲ್ಲಿದೆ ಅಂತ ಕೇಳಬೇಡಿ, ಬಡಿದುಕೊಂಡ ಅಷ್ಟೇ.

ಮೊದಲ ದಿನ ಒಂದು ನವಿಲುಮೀನು ಸಿಕ್ಕಿತು. ಒಂದೇ ಏಟಿಗೆ ಚೀಲದಿಂದ ಚಿಮ್ಮಿ ಹೋಯಿತು. ಎರಡನೆಯ ದಿನ ಇನ್ನೊಂದು ಅವನ ಮೂತಿಗೇ ಬಾಲದಿಂದ ಬಾರಿಸಿತು. ಆರು ದಿನ ಹೀಗೇ ಕಳೆಯಿತು. ಜೊತೆಗೆ ಬಂದಿದ್ದ ಮೂರು ಹೆಜ್ಜಾರ್ಲೆಗಳು ಅಷ್ಟರಲ್ಲಿ ಒಂದೊಂದು ಹಿಡಿದು, ತೋರಿಸಿ, ಬಿಟ್ಟೂ ಬಂದಿದ್ದವು. ಹೊಳೆಯ ಕೊಕ್ಕರೆ ಅವನನ್ನು ಕಂಡಾಗೆಲ್ಲ, "ಏನು ಜೋಳಿಗಪ್ಪಣ್ಣ, ಇವತ್ತೂ ಚೀಲ ಖಾಲೀನಾ?" ಎನ್ನುತ್ತಿತ್ತು.

ಏಳನೆಯ ದಿನ ಬಂತು; ಮಾರನೆಯ ದಿನ ಹಿಂಡು ಊರಿಗೆ ಹೊರಡುವುದಿತ್ತು. ಜೋಳಿಗಪ್ಪನಿಗೆ ಹೊಟ್ಟೆಯಲ್ಲಿ ಕಿಚ್ಚು. "ಬರಿಗೈಲಿ ಹೋದರೆ ಎಲ್ಲರೂ ನಗ್ತಾರೆ," ಎಂದುಕೊಂಡ. ಅಜ್ಜಿಯ ಮಾತು ನೆನಪಾಯಿತು. ಎಂಥ ದಡ್ಡನೂ ಹಿಡೀಬಹುದು! ಅಜ್ಜಿ ಬೇಡ ಎಂದು ಹೇಳಿದ ಮಾತು ಆ ಪುಣ್ಯಾತ್ಮನ ಕಿವಿಗೆ ಉಪಾಯದ ಹಾಗೆ ಕೇಳಿಸಿತು.

"ಅಜ್ಜಿ, ಇವತ್ತು ಮೇಲಿನ ಮಡುವಿಗೆ ಹೋಗ್ತೀನಿ," ಎಂದು ಸುಳ್ಳು ಹೇಳಿ ಹೊರಟ. ಒಂದು ಸುತ್ತು ಹಾಕಿ ಕೆಳಗಿನ ಮಡುವಿಗೆ ಬಂದ. ಅದರ ಬಾಯಿಗೆ ಹಸಿರು ಕೊಂಬೆ ಅಡ್ಡ ಹಾಕಿತ್ತು. ಆಚೆ ಈಚೆ ನೋಡಿ ಅದನ್ನು ದಾಟಿದ.

ಒಳಗೆ ಎಳ್ಳು ಚೆಲ್ಲಿದ ಹಾಗೆ ಸಾವಿರಾರು ಮರಿಗಳು. ಜೋಳಿಗಪ್ಪ ಅವುಗಳ ನಡುವೆ ಕೊಕ್ಕು ಅದ್ದಿ ನೀರು ಕಲಕಿದ. ತಾಯಿ ಬಾಣದ ಹಾಗೆ ಬಂದಳು. ಬಂದವಳು ನೇರ ಅವನ ಚೀಲದೊಳಕ್ಕೇ ನುಗ್ಗಿದಳು. ಅವನು ನೀರಿನ ಸಮೇತ ಕೊಕ್ಕು ಮುಚ್ಚಿದ. ಕಣ್ಣಿನ ಮಚ್ಚೆಯ ಬಾಲ ಮಾತ್ರ ಹೊರಗೆ ಉಳಿಯಿತು.

"ಅಣ್ಣಾ, ಬಿಡು!" ಎಂದು ಒಳಗಿಂದ ಧ್ವನಿ ಬಂತು. "ಮಕ್ಕಳು ಒಂಟಿ. ಮರಿ ತಿನ್ನೋ ಹಲ್ಲುಮೀನುಗಳು ಈ ಕಡೆಯೇ ಅಡ್ಡಾಡ್ತಿವೆ."

"ತಿನ್ನಲ್ಲ ಕಣಮ್ಮಾ, ತೋರಿಸಿ ಬಿಟ್ಟುಬಿಡ್ತೀನಿ. ಒಂದೇ ಒಂದು ನಿಮಿಷ," ಎಂದು ಜೋಳಿಗಪ್ಪ ಅರ್ಧ ಬಾಯಲ್ಲಿ ತೊದಲಿದ. ಹಾರಿ ಬಂಡೆಗೆ ಬಂದ.

ಅಬ್ಬಾ, ಏನು ಸಂಭ್ರಮ! ಹೆಜ್ಜಾರ್ಲೆಗಳು ರೆಕ್ಕೆ ಬಡಿದವು. ಕೊಕ್ಕರೆಯೂ ಒಂಟಿ ಕಾಲಿನಲ್ಲಿ ಕುಣಿಯಿತು. "ಭೇಷ್ ಜೋಳಿಗಪ್ಪಾ! ಎಲ್ಲಿ ಹಿಡಿದೆ?" ಎಂದು ಅಜ್ಜಿ ಕೇಳಿದಳು.

"ಮೇಲಿನ... ಮೇಲಿನ ಮಡುವಿನಲ್ಲಿ," ಎಂದ ಜೋಳಿಗಪ್ಪ.

"ಹಾಗಾದ್ರೆ ಬನ್ನಿ ಎಲ್ಲರೂ, ಅಲ್ಲೇ ಬಿಟ್ಟು ಬರೋಣ," ಎಂದಳು ಅಜ್ಜಿ.

ಎಲ್ಲರೂ ಹೊಳೆಯ ಮೇಲುಗಡೆಗೆ ಹೊರಟರು. ಜೋಳಿಗಪ್ಪನಿಗೆ ಈಗ ಕಕ್ಕಾಬಿಕ್ಕಿ. ಮರಿಗಳು ಇರುವುದು ಕೆಳಗೆ, ತಾಯಿಯನ್ನು ಒಯ್ಯುತ್ತಿರುವುದು ಮೇಲಕ್ಕೆ!

"ಅಣ್ಣಾ, ಇದು ನಮ್ಮ ಮನೆ ದಾರಿ ಅಲ್ಲ. ನೀರಿನ ಸದ್ದು ಬೇರೆ ಇದೆ," ಎಂದಳು ಒಳಗಿದ್ದವಳು.

"ಸುಮ್ಮನಿರಮ್ಮಾ, ಅಲ್ಲಿ ಬಿಟ್ಟ ಕೂಡಲೇ ಈಜಿಕೊಂಡು ಬಂದುಬಿಡು."

"ಅಷ್ಟು ಹೊತ್ತಿಗೆ ಯಾರಿರ್ತಾರಣ್ಣಾ? ಒಂದು ಮಾತು ನಿಜ ಹೇಳಿಬಿಡು. ನಿನ್ನ ಕಾಲಿಗೆ ಬೀಳ್ತೀನಿ."

ಹೇಳಬೇಕು ಎಂದು ಅವನಿಗೆ ಅನ್ನಿಸಿತು. ಅಷ್ಟರಲ್ಲಿ ಪಕ್ಕದ ಹೆಜ್ಜಾರ್ಲೆ, "ನೀನು ನಮ್ಮ ಕೆರೆಯ ಹೆಸರು ಉಳಿಸಿದೆ," ಎಂದಿತು. ಬಾಯಿಗೆ ಬಂದ ಮಾತನ್ನು ಅವನು ನುಂಗಿಕೊಂಡ. ಇನ್ನೊಂದು ತಿರುವು ಕಳೆಯಿತು. ಇನ್ನೊಂದು ಬಂಡೆ ಕಳೆಯಿತು. ನನಗೆ ಇಲ್ಲೇ ಸಿಟ್ಟು ಬರುವುದು ಮಕ್ಕಳೇ. ಹಿಡಿದದ್ದು ತಪ್ಪು, ನಿಜ. ಆದರೆ ಆ ತಿರುವು, ಆ ಬಂಡೆ, ಅಲ್ಲೆಲ್ಲ ಒಂದು ಮಾತು ಆಡಿದ್ದರೆ ಸಾಕಾಗಿತ್ತು.

ಚೀಲದೊಳಗಿನ ಮೀನು ಈಗ ಬೇಡುವುದನ್ನು ಬಿಟ್ಟಿತ್ತು. ಅಳುತ್ತಿತ್ತು. ಮೀನು ಅಳುವುದು ಯಾರಿಗೂ ಕಾಣುವುದಿಲ್ಲ. ಆದರೆ ಅದರ ಮೈ ನಡುಗುವುದು ಜೋಳಿಗಪ್ಪನ ಚೀಲಕ್ಕೆ ತಿಳಿಯಿತು.

ಅವನು ಥಟ್ಟನೆ ನಿಂತ. "ಅಜ್ಜಿ, ನಾನು ಸುಳ್ಳು ಹೇಳಿದೆ! ಕೊಂಬೆ ಅಡ್ಡ ಹಾಕಿದ್ದ ಮಡುವಿನಲ್ಲಿ ಹಿಡಿದೆ. ಇವಳು ತಾಯಿ."

ಅಜ್ಜಿ ಬೈಯಲಿಲ್ಲ. "ಹಾರು!" ಎಂದು ಕೂಗಿದಳು, ಅಷ್ಟೇ.

ಜೋಳಿಗಪ್ಪ ರೆಕ್ಕೆ ಕಿತ್ತು ಬರುವ ಹಾಗೆ ಹಾರಿದ. ಮಡುವಿಗೆ ಇಳಿದು ಕೊಕ್ಕು ತೆರೆದ. ತಾಯಿ ನೀರಿಗೆ ಜಾರಿದಳು. ಹಲ್ಲುಮೀನುಗಳು ಹೊಟ್ಟೆ ತುಂಬಿಸಿಕೊಂಡು ಹೊರಟುಹೋಗಿದ್ದವು. ನೀರು ತಿಳಿಯಾಗಿತ್ತು, ಖಾಲಿಯಾಗಿತ್ತು. ತಾಯಿ ಆ ಕಡೆ ಹುಡುಕಿದಳು, ಈ ಕಡೆ ಹುಡುಕಿದಳು. ಕೊನೆಗೆ ಒಂದು ಬೇರಿನ ಸಂದಿಯಿಂದ ಒಂಬತ್ತು ಮರಿಗಳು ಹೊರಗೆ ಬಂದವು. ಸಾವಿರಾರು ಇದ್ದಲ್ಲಿ ಒಂಬತ್ತು.

ಅಷ್ಟು ಹೊತ್ತಿಗೆ ಎಲ್ಲರೂ ದಡಕ್ಕೆ ಬಂದಿದ್ದರು. ಜೋಳಿಗಪ್ಪ ತಲೆ ಎತ್ತಲಿಲ್ಲ. ಎಲ್ಲರ ಎದುರು ಕುಗ್ಗಿ ಹೋದ. ಯಾರಾದರೂ ಬೈದಿದ್ದರೆ ಹಗುರಾಗುತ್ತಿತ್ತು, ಯಾರೂ ಬೈಯಲಿಲ್ಲ. ಕೊಕ್ಕರೆ ಕೂಡ ಮುಖ ತಿರುಗಿಸಿಕೊಂಡು ಹೋಯಿತು.

"ಅಜ್ಜಿ, ನನಗೆ ಏನಾದರೂ ಶಿಕ್ಷೆ ಕೊಡು," ಎಂದ.

"ನಿನಗೆ ಶಿಕ್ಷೆ ಕೊಟ್ಟರೆ ಅವಳಿಗೇನು ಬಂತಪ್ಪಾ?" ಎಂದಳು ಅಜ್ಜಿ.

ಮಾರನೆಯ ಬೆಳಿಗ್ಗೆ ಹಿಂಡು ಊರಿಗೆ ಹಾರಿತು. ಜೋಳಿಗಪ್ಪ ಹೋಗಲಿಲ್ಲ. ಮಡುವಿನ ಹೊರಗೆ ನೀರಿನಲ್ಲಿ ನಿಂತ. ಹಲ್ಲುಮೀನು ಬಂದರೆ ರೆಕ್ಕೆ ಬಡಿದು ಓಡಿಸಿದ. ಒಂಬತ್ತು ಮರಿಗಳು ದೊಡ್ಡವಾಗುವವರೆಗೂ ಹಾಗೆಯೇ ಕಾದ.

ತಾಯಿ ಮೀನು ಅವನ ಜೊತೆ ಒಂದು ಮಾತೂ ಆಡಲಿಲ್ಲ. ಅವನು ಒಂದು ಹೆಜ್ಜೆ ಹತ್ತಿರ ಬಂದರೂ ಸಾಕು, ಅವನಿಗೂ ಮರಿಗಳಿಗೂ ನಡುವೆ ಬಂದು ನಿಲ್ಲುತ್ತಿದ್ದಳು. ಜೋಳಿಗಪ್ಪ ಪ್ರತಿ ಸಲವೂ ತಲೆ ತಗ್ಗಿಸಿ ಹಿಂದಕ್ಕೆ ಸರಿಯುತ್ತಿದ್ದ.

ನೀತಿ: ಇನ್ನೊಬ್ಬರ ಮಮತೆಯನ್ನು ಬಳಸಿಕೊಂಡು ಗೆಲ್ಲುವುದು ಗೆಲುವಲ್ಲ. ತಪ್ಪು ಮಾಡಿದರೆ ತಕ್ಷಣ ಒಪ್ಪಿಕೊಳ್ಳಬೇಕು. ನಾವು ನಾಚಿಕೆಗೆ ಅಂಜಿ ತಡ ಮಾಡಿದಷ್ಟೂ ಏನೂ ತಪ್ಪು ಮಾಡದವರು ಕಳೆದುಕೊಳ್ಳುತ್ತಾರೆ.