ಚೀಲದೊಳಗಿನ ಮೊಟ್ಟೆ

ಒಂದು ಹೊಳೆ ಇತ್ತು. ಹೊಳೇಲಿ ಮೀನಿತ್ತು, ದಡದಲ್ಲೊಂದು ಗುಡಿಸಲಿತ್ತು. ಕರೆಂಟ್ ಹೋದ್ರೆ ಮಾತ್ರ ಯಾವುದೂ ಇರ್ತಿರಲಿಲ್ಲ.

ಯಾಕಂದ್ರೆ ಅದು ಆನ್‌ಲೈನ್ ಗೇಮಿನ ಹೊಳೆ. ಆ ಗೇಮಿನ ದ್ವೀಪದಲ್ಲಿ ಎಲ್ಲರೂ ಬರೀ ಚಡ್ಡೀಲಿ ಹುಟ್ಟಬೇಕು, ಮರ ಕಡೀಬೇಕು, ಗುಡಿಸಲು ಕಟ್ಟಬೇಕು, ಯಾವುದೋ ಮೃಗದ ಬಾಯಿಗೆ ಬಿದ್ದು ಸಾಯಬೇಕು. ಆಮೇಲೆ ಕಡಲ ದಂಡೇಲಿ ಮತ್ತೆ ಚಡ್ಡೀಲಿ ಹುಟ್ಟಬೇಕು. ಪುನರ್ಜನ್ಮ ನಂಬದೋರೂ ಅಲ್ಲಿ ಎರಡು ದಿನದಲ್ಲಿ ನಂಬ್ತಾರೆ.

ಗುಡಿಸಲಲ್ಲಿ ಕುಮುದಕ್ಕ ಇದ್ಲು. ದ್ವೀಪದಲ್ಲಿ ಅವಳು ಮರಿ ಮಾಡಿಸದ ಮೊಟ್ಟೆ ಇರಲಿಲ್ಲ. ಅವಳ ನಿಜವಾದ ಮುಖ ಯಾರೂ ನೋಡಿಲ್ಲ. ಹೆಡ್‌ಫೋನಲ್ಲಿ ಅವಳ ದನಿ ಬರೋದು, ಅದರ ಹಿಂದೆ ಕುಕ್ಕರ್ ವಿಷಲ್ ಬರೋದು. ಶಿಷ್ಯರು ಎರಡನ್ನೂ ಉಪದೇಶ ಅಂತಲೇ ಕೇಳೋರು.

ಒಂದಿನ ತಿಪ್ಪೇಶಿ ಬಂದು ಅವಳ ಕಾಲ ಹತ್ರ ಮಂಡಿಯೂರಿದ. ಗೇಮಲ್ಲಿ ಮಂಡಿಯೂರೋಕೆ ಒಂದು ಬಟನ್ ಒತ್ತಿದ್ರೆ ಸಾಕು. ತಿಪ್ಪೇಶಿ ಅದನ್ನೂ ಭಕ್ತಿಯಿಂದ ಒತ್ತಿದ.

"ಅಕ್ಕಾ, ನನ್ನ ಮೊಟ್ಟೆ ಮರಿ ಆಗ್ತಿಲ್ಲ."

"ಯಾವ ಮೊಟ್ಟೆ?"

"ಬಂಡೆಹದ್ದಿಂದು."

ಕುಮುದಕ್ಕ ತಿರುಗಿ ನೋಡಿದ್ಲು. ಬಂಡೆಹದ್ದು ಅಂದ್ರೆ ಬಸ್ಸಿನಷ್ಟು ದೊಡ್ಡ ಹಕ್ಕಿ. ಗೂಡಿಗೆ ಕೈ ಹಾಕಿದವನನ್ನ ಕಡಲಿನವರೆಗೂ ಅಟ್ಟಿಸ್ಕೊಂಡು ಬಂದು ಕುಕ್ಕುತ್ತೆ.

"ಕದ್ದೆಯೇನೋ?"

"ಸತ್ತು ಸತ್ತು ಕದ್ದೆ ಅಕ್ಕಾ."

"ಯಾಕಪ್ಪಾ ಅಷ್ಟು ಹಟ?"

ತಿಪ್ಪೇಶಿ ದನಿ ಸಣ್ಣದಾಯ್ತು. "ನಮ್ಮ ತಂಡದ ಲೀಡರ್ ಜೀತು ನನ್ನನ್ನ ಹೊರಗೆ ಓಡಿಸಿದ. 'ನಿನ್ನ ಕೈಲಿ ಒಂದು ಕೋಳೀನೂ ಸಾಕೋಕಾಗಲ್ಲ, ನಡೆಯೋ' ಅಂದ, ಎಲ್ಲರೆದುರು. ಅವರೆಲ್ಲ ಹೈಸ್ಕೂಲಿಂದ ನನ್ನ ಗೆಳೆಯರು. ಈಗ ಸಂಜೆ ಆದ್ರೆ ಅವರು ಒಟ್ಟಿಗೆ ನಗ್ತಾ ಆಡ್ತಿರ್ತಾರೆ, ನಾನೊಬ್ಬನೇ ಮರ ಕಡೀತಿರ್ತೀನಿ. ಬಂಡೆಹದ್ದಿನ ಮೇಲೆ ಕೂತು ಬಂದ್ರೆ ಸೇರಿಸ್ಕೋತೀನಿ ಅಂದಿದಾನೆ."

"ಸರಿ. ಮೊಟ್ಟೆಗೇನು ಮಾಡ್ದೆ?"

"ಕಾವು ಕೊಟ್ಟೆ. ಸುತ್ತ ಬೆಂಕಿ ಹಾಕ್ಕೊಂಡು ಮಧ್ಯ ಕೂತೆ."

"ಕೂತಿದ್ದು ಯಾರು?"

"ನಾನು."

"ಮೊಟ್ಟೆ?"

"ಬೆನ್ನ ಮೇಲಿನ ಚೀಲದಲ್ಲಿ. ಭದ್ರವಾಗಿ."

ಕುಕ್ಕರ್ ಒಂದು ಸಲ ಕೂಗ್ತು.

"ಮೊಟ್ಟೆಗೆ ಬೆಂಕಿ ಕಾಣ್ತಿಲ್ಲ," ಅಂದ್ಲು ಕುಮುದಕ್ಕ. ಎದ್ದು ಮೀನು ಹಿಡಿಯೋಕೆ ಹೋದ್ಲು.

ತಿಪ್ಪೇಶಿ ಮೈ ಜುಮ್ಮಂತು. ಆಹಾ, ಎಂಥಾ ಮಾತು! ಅರ್ಥ ಆಗ್ಲಿಲ್ಲ, ಆದ್ರೂ ಎಂಥಾ ಮಾತು!

ದಾರೀಲಿ ಅವನೇ ಅರ್ಥ ಮಾಡ್ಕೊಂಡ. ಕಾಣ್ತಿಲ್ಲ ಅಂದ್ರೆ ಸಾಲ್ತಿಲ್ಲ ಅಂತ. ಹೋದವನೇ ಮನೆ ತುಂಬ ಬೆಂಕಿ ಹಚ್ಚಿ, ಚೀಲ ಹೊತ್ಕೊಂಡು ಮಧ್ಯ ಕೂತ. ಹುಲ್ಲಿನ ಮನೆ. ಭಗ್ಗಂತು. ಸಾಕಿದ್ದ ಒಂದೇ ಒಂದು ಆಮೆ, ಜನ್ಮದಲ್ಲಿ ಮೊದಲನೇ ಸಲ ಓಡಿ, ಹೊಳೆಗೆ ಹಾರಿ ದೇಶಾಂತರ ಹೋಯ್ತು.

ತಿಪ್ಪೇಶಿ ಹೊಗೆಯಾಡ್ತಾ ವಾಪಸ್ ಬಂದ.

"ಅಕ್ಕಾ, ಮನೆ ಸುಟ್ಟೋಯ್ತು, ನಾನೂ ಅರ್ಧ ಬೆಂದೆ. ಮೊಟ್ಟೆ ಮಾತ್ರ ತಣ್ಣಗೆ ಹಾಗೇ ಇದೆ."

"ಎಲ್ಲಿದೆ?"

"ಚೀಲದಲ್ಲಿ."

"ನೆಲದ ಮೇಲಿಡು."

ತಿಪ್ಪೇಶಿ ಹಾವು ತುಳಿದವನ ಹಾಗೆ ಹಿಂದೆ ಹಾರಿದ. "ನೆಲದ ಮೇಲಾ? ಕಳ್ಳರು ಬರ್ತಾರೆ ಅಕ್ಕಾ!"

"ಬರ್ತಾರೆ."

"ಉಡ ಬಂದು ನುಂಗುತ್ತೆ!"

"ನುಂಗುತ್ತೆ."

"ಮಳೆ ಬಂದ್ರೆ ಬೆಂಕಿ ಆರಿ ಒಳಗೇ ಸತ್ತೋಗುತ್ತೆ!"

"ಸಾಯುತ್ತೆ."

"ಮತ್ತೆ?"

"ಮತ್ತೇನು, ಇಡು."

"ಆಗಲ್ಲ. ಚೀಲದಲ್ಲಿದ್ರೆ ಅದಕ್ಕೆ ಏನೂ ಆಗಲ್ಲ."

"ನಾನೂ ಅದನ್ನೇ ಹೇಳ್ತಿರೋದು ಕಣೋ."

ತಿಪ್ಪೇಶಿ ಚೀಲದ ಪಟ್ಟಿ ಇನ್ನೂ ಬಿಗಿ ಹಿಡ್ಕೊಂಡ.

ಕುಮುದಕ್ಕ ಮೂಲೇಲಿದ್ದ ದೊಣ್ಣೆ ತಗೊಂಡ್ಲು. ಶಿಷ್ಯನ ನೆತ್ತಿ ಮೇಲೆ ಒಂದು ಬಿಟ್ಲು. ಮೊದಲೇ ಅರ್ಧ ಬೆಂದಿದ್ದ ಶಿಷ್ಯ, ಅಲ್ಲೇ ಸತ್ತ.

ಆ ಗೇಮಲ್ಲಿ ಸತ್ತವನ ಸಾಮಾನೆಲ್ಲ ನೆಲಕ್ಕೆ ಚೆಲ್ಲುತ್ತೆ. ಕೊಡಲಿ ಬಿತ್ತು. ಒಣಮಾಂಸ ಬಿತ್ತು. ಮೊಟ್ಟೆ ಉರುಳ್ಕೊಂಡು ಹೋಗಿ ಹೊಳೆ ದಂಡೆ ಮರಳಲ್ಲಿ ನಿಂತ್ಕೊಳ್ತು.

ಅತ್ತ ಕಡಲ ದಂಡೇಲಿ ತಿಪ್ಪೇಶಿ ಚಡ್ಡೀಲಿ ಹುಟ್ಟಿದ. "ಸಾಯಿಸ್ಬಿಟ್ಲು! ಸಾಯಿಸ್ಬಿಟ್ಲು!" ಅಂತ ಇತ್ತ ಮನೇಲಿ ಕುರ್ಚಿ ಮೇಲೇ ಎಗರಾಡಿದ.

"ಯಾರೋ ಸತ್ತಿದ್ದು?" ಅಂತ ಅಡುಗೆಮನೆಯಿಂದ ಅವನಮ್ಮ ಕೇಳಿದ್ಲು.

"ನಾನೇ ಕಣಮ್ಮಾ!"

"ಸರಿ, ಊಟಕ್ಕೆ ಬಾ."

ಊಟ ಯಾರಿಗೆ ಬೇಕು? ಕಾಡು ನುಗ್ಗಿ, ಮೊಸಳೆ ತಪ್ಪಿಸ್ಕೊಂಡು ಬರಿಗೈಲಿ ಓಡಿ ಬಂದ. ಬಂದು ನೋಡ್ತಾನೆ, ಮರಳ ಮೇಲೆ ಮೊಟ್ಟೆ ಇದೆ. ಸುತ್ತ ಬೆಂಕಿ ಉರೀತಿದೆ. ಕುಮುದಕ್ಕ ಬೆನ್ನು ತಿರುಗಿಸಿ ಮೀನು ಸುಡ್ತಿದಾಳೆ.

"ಎತ್ಕೊಳ್ಲಾ ಅಕ್ಕಾ?"

"ನಿನ್ನ ಮೊಟ್ಟೆ. ಎತ್ಕೋ."

ತಿಪ್ಪೇಶಿ ಬಗ್ಗಿ ಕೈ ಚಾಚಿದ. ಆಗ ಕಾಣಿಸ್ತು, ಚಿಪ್ಪಿನ ಮೇಲೆ ಕೂದಲೆಳೆಯಷ್ಟು ಸಣ್ಣ ಬಿರುಕು. ಒಳಗಿಂದ ಟಕ್ ಅಂತು.

ಚಾಚಿದ ಕೈ ಹಾಗೇ ನಿಂತ್ಹೋಯ್ತು.

ಅಷ್ಟರಲ್ಲಿ ಪೊದೆಯಿಂದ ಒಂದು ಉಡ ನಾಲಿಗೆ ಚಾಚ್ತಾ ಬಂತು. ಕೊಡಲಿ ದೂರ ಬಿದ್ದಿದೆ. ತಗೊಂಡು ಬರೋಷ್ಟರಲ್ಲಿ ಮೊಟ್ಟೆ ಉಡದ ಹೊಟ್ಟೇಲಿರುತ್ತೆ. ತಿಪ್ಪೇಶಿ ಚಡ್ಡೀಲೇ ಉಡದ ಮೇಲೆ ಬಿದ್ದ. ಅದು ಕಚ್ತು, ಇವನು ಗುದ್ದಿದ. ಅದು ಮತ್ತೆ ಕಚ್ತು. "ಹೋಗೇ ಮಾರಾಯ್ತೀ, ಹೋಗೇ!" ಅಂತ ಬೈದ, ಬೇಡ್ಕೊಂಡ, ಬಾಲ ಹಿಡಿದು ಎಳೆದ. ಕೊನೆಗೆ ಉಡಕ್ಕೇ ಬೇಜಾರಾಗಿ ಹೊರಟ್ಹೋಯ್ತು.

ಹಿಂದೆ ಚಿಪ್ಪು ಒಡೀತು.

ಬೋಳುತಲೆ, ಅರ್ಧ ಮೈ ಬಾಯಿ. ಮದುವೆಮನೇಲಿ ಮೊದಲನೇ ಪಂಕ್ತಿ ತಪ್ಪಿಹೋದ ಬೀಗರ ಹಾಗೆ ಕಿರುಚಾಟ. ಹಾರ್ಕೊಂಡು, ಬಿದ್ಕೊಂಡು, ತಿಪ್ಪೇಶಿ ಹೆಗಲೇರಿ ಕೂತು ಕಿವಿ ಕುಕ್ಕೋಕೆ ಶುರು ಮಾಡ್ತು. ತಿಪ್ಪೇಶಿ ಕಣ್ಣಲ್ಲಿ ನೀರು. ಕಂಪ್ಯೂಟರಿನ ಹೊರಗಡೆ, ನಿಜವಾದ ಕಣ್ಣಲ್ಲಿ.

'ತಿಪ್ಪೇಶಿಗೆ ಬಂಡೆಹದ್ದಿನ ಮರಿ ಹುಟ್ಟಿದೆ' ಅಂತ ಗೇಮು ದ್ವೀಪಕ್ಕೆಲ್ಲ ಡಂಗುರ ಹೊಡೀತು. ತಕ್ಷಣ ಹೆಡ್‌ಫೋನಲ್ಲಿ ಜೀತು ದನಿ.

"ಏ ತಿಪ್ಪೇಶಿ! ಬಾರೋ ಹುಲಿ! ಇವತ್ತು ದೊಡ್ಡ ಯುದ್ಧ ಇದೆ. ಹದ್ದಿನ ಮೇಲೆ ಕೂತ್ಕೊಂಡು ಈಗಲೇ ಬಾ!"

"ತಡಿಯೋ, ಇದಕ್ಕೆ ಹಸಿವಾಗಿದೆ."

"ಎಷ್ಟೊತ್ತೋ?"

ತಿಪ್ಪೇಶಿ ಮರಿಗೆ ಒಂದು ಮೀನು ಕೊಟ್ಟ. ನುಂಗಿ ಕಿರುಚ್ತು. ಒಣಮಾಂಸ ಕೊಟ್ಟ. ನುಂಗಿ ಇನ್ನೂ ಜೋರಾಗಿ ಕಿರುಚ್ತು. ಗುರುವಿನ ಪಾಲಿನ ಸುಟ್ಟಮೀನಿಗೂ ಕೈ ಹಾಕಿದ.

"ಅಕ್ಕಾ, ಅವರೆಲ್ಲ ಕಾಯ್ತಿದಾರೆ. ನಾನು ಇದರ ಮೇಲೆ ಕೂರೋದು ಯಾವಾಗ?"

ಕುಮುದಕ್ಕ ಉಳಿದ ಮೀನನ್ನೂ ಅವನ ಕಡೆ ಸರಿಸಿದ್ಲು.

"ಸದ್ಯಕ್ಕೆ ಅದು ನಿನ್ನ ಮೇಲೆ ಕೂತಿದೆ. ಮೊದಲು ಅದು ಇಳೀಲಿ."