ಅತಿಥಿಗೆ ತೋರಿಸಿದ ಬಾಗಿಲು

"ಗುರುಗಳೇ, ಪಾಠ ತಲೆಗೆ ಹತ್ತದವನನ್ನು ಮಠದಲ್ಲಿ ಇಟ್ಟುಕೊಂಡು ಫಲವೇನು?"

ಚನ್ನವೀರ ಹೀಗೆ ಕೇಳಿದ್ದು ಮಲ್ಲಿನಾಥನ ವಿಷಯವಾಗಿ. ಮಲ್ಲಿನಾಥ ಮಠಕ್ಕೆ ಹೊಸಬ, ವಯಸ್ಸಿನಲ್ಲಿ ಮಾತ್ರ ಚನ್ನವೀರನಿಗಿಂತ ಹಿರಿಯ. ಅವನಿಗೆ ಪಾಠ ಹೇಳುವ ಕೆಲಸವನ್ನು ಗುರುಗಳು ಚನ್ನವೀರನಿಗೆ ಒಪ್ಪಿಸಿದ್ದರು. ಮೊದಮೊದಲು ಚೆನ್ನಾಗಿಯೇ ಕಲಿಯುತ್ತಿದ್ದವನು ಈಗೀಗ ಏನು ಕೇಳಿದರೂ ಮುಖ ಮುಖ ನೋಡುತ್ತಿದ್ದ. ಅವನನ್ನು ಊರಿಗೆ ಕಳಿಸಿಬಿಡುವುದೇ ಲೇಸೆಂದು ಚನ್ನವೀರ ಆಗಲೇ ತೀರ್ಮಾನಿಸಿದ್ದ. ಗುರುಗಳು ಹೂಂ ಎನ್ನುವುದಷ್ಟೇ ಬಾಕಿ ಇತ್ತು.

ಗುರುಗಳು ಹೂಂ ಎನ್ನಲಿಲ್ಲ. ಕತೆ ಶುರು ಮಾಡಿದರು.

ಒಬ್ಬ ಸೀರೆ ವ್ಯಾಪಾರಿ ಇದ್ದ. ಅಂಚಿನ, ಸೆರಗಿನ ನಕ್ಷೆ ತೆಗೆಯಲು ಅವನ ತಂದೆಯ ಕಾಲದ ಒಂದು ಕಂಪ್ಯೂಟರ್ ಇತ್ತು. ಅದು ಹಳತಾಯಿತು. ಹೊಸದನ್ನು ಕೊಂಡರೆ ಅದರಲ್ಲಿ ಹಳೆಯ ನಕ್ಷೆಗಳು ತೆರೆಯಲೊಲ್ಲವು. ಆಗ ಬಲ್ಲವರು ಒಂದು ಉಪಾಯ ಮಾಡಿ, ಹಳೆಯದರಲ್ಲಿದ್ದುದನ್ನೆಲ್ಲ ಇದ್ದಂತೆಯೇ ಒಂದು ಸಾಫ್ಟ್‌ವೇರ್ ಆಗಿ ಹೊಸದರ ಹೊಟ್ಟೆಯೊಳಗೆ ಕೂರಿಸಿದರು. ಪೆಟ್ಟಿಗೆ ಒಂದೇ, ಕಂಪ್ಯೂಟರ್ ಎರಡು. ಹೊರಗಿನದು ಮನೆಯೊಡೆಯ, ಒಳಗಿನದು ಅತಿಥಿ. ಆ ಕಸುಬಿನವರೂ ಅದನ್ನು ಗೆಸ್ಟ್ ಎಂದೇ ಕರೆಯುತ್ತಾರೆ. ಅತಿಥಿಗೆ ಹೊರಗಿನ ದಾರಿ ತಾನಾಗಿ ತಿಳಿಯದು. ಮನೆಯೊಡೆಯ ತೋರಿಸಿದ ಬಾಗಿಲಲ್ಲೇ ಹೋಗಬೇಕು.

ಒಂದು ದಿನ ದೊಡ್ಡ ಮದುವೆಮನೆಯ ಸೀರೆಗಳ ನಕ್ಷೆ ಸಂಜೆಯೊಳಗೆ ನೇಕಾರರಿಗೆ ತಲುಪಬೇಕಿತ್ತು. ಅತಿಥಿಯಿಂದ ಕಳಿಸಿದ. ಹೋಗಲಿಲ್ಲ. ಮತ್ತೆ ಕಳಿಸಿದ. ನೆಟ್‌ವರ್ಕ್ ಇಲ್ಲ ಎಂದಿತು. ಹೊರಗಿನ ಕಂಪ್ಯೂಟರಿನಲ್ಲಿ ನೋಡಿದರೆ ನೆಟ್‌ವರ್ಕ್ ಧಾರಾಳವಾಗಿದೆ. ಅಂದಮೇಲೆ ದೋಷ ಅತಿಥಿಯದೇ ಎಂದು ವ್ಯಾಪಾರಿ ತೀರ್ಪು ಕೊಟ್ಟ. ಅದರ ನೆಟ್‌ವರ್ಕ್ ವಿಳಾಸ ಬದಲಿಸಿದ. ಆರಿಸಿ ಮತ್ತೆ ಹಚ್ಚಿದ. ವೈರಸ್ ಹುಡುಕಿದ. ಸಾಲದ್ದಕ್ಕೆ ಊದುಬತ್ತಿಯನ್ನೂ ಬೆಳಗಿದ. ಹೊತ್ತು ಇಳಿಯುತ್ತಿತ್ತು, ನೇಕಾರರು ಫೋನ್ ಮೇಲೆ ಫೋನ್ ಮಾಡುತ್ತಿದ್ದರು. ಪಿತ್ತ ನೆತ್ತಿಗೇರಿತು. ಈ ಅತಿಥಿಯನ್ನೇ ಅಳಿಸಿಹಾಕಿ ಹೊಸದನ್ನು ಕೂರಿಸುತ್ತೇನೆ ಎಂದು ಹೊರಟ. ಅಳಿಸಿದರೆ ತಂದೆ ತೆಗೆದ ನಕ್ಷೆಗಳೆಲ್ಲ ಹೋದಂತೆಯೇ. ಅವು ಬೇರೆಲ್ಲೂ ಇರಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಕಂಪ್ಯೂಟರ್ ಒಮ್ಮೆ, ನಿಜವಾಗಿಯೂ ಅಳಿಸಲೇ ಎಂದು ಕೇಳಿತು. ವ್ಯಾಪಾರಿಯ ಬೆರಳು ಗುಂಡಿಯ ಮೇಲಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿ ನೀರು ಕುಡಿದರು. ಚನ್ನವೀರನಿಗೆ ತಡೆಯಲಾಗಲಿಲ್ಲ. ಮಲ್ಲಿನಾಥ ಅವನಿಗೆ ಮರೆತೇ ಹೋಗಿದ್ದ.

"ಅಳಿಸಿಬಿಟ್ಟನೇ?"

"ತಂದೆಯ ನೆನಪಾಗಿ ಬೆರಳು ತೆಗೆದ. ಇದಕ್ಕೆ ನಾನು ತೋರಿಸಿದ ಬಾಗಿಲು ಯಾವುದು, ಅದನ್ನಾದರೂ ಒಮ್ಮೆ ನೋಡೋಣ ಅನ್ನಿಸಿತಂತೆ."

ನೋಡಿದ. ಇಲ್ಲಿಗೆ ಬರುವಾಗ ಗುರುಗಳ ದನಿಯೇ ಏರಿತು. ಪೆಟ್ಟಿಗೆಯ ಬೆನ್ನಿಗೆ ಸಿಕ್ಕಿಸಿದ ತಂತಿಯ ಮೂಲಕ ಹೋಗು ಎಂದು ಅತಿಥಿಗೆ ಹೇಳಿಟ್ಟಿತ್ತು. ಬಗ್ಗಿ ನೋಡಿದರೆ ಬೆನ್ನಿನಲ್ಲಿ ತಂತಿಯೇ ಇಲ್ಲ! ಅಂಗಡಿಗೆ ವೈಫೈ ಬಂದಾಗ, ಸೀರೆ ಹರಡುವ ಹಾಸಿನ ಬಳಿ ಗಿರಾಕಿಗಳ ಕಾಲಿಗೆ ತೊಡರುತ್ತದೆಂದು ತಂತಿಯನ್ನು ಅವನೇ ಕಿತ್ತು ಸುತ್ತಿಟ್ಟಿದ್ದ. ಮನೆಯೊಡೆಯ ಹೊಸ ದಾರಿ ಹಿಡಿದ, ಅತಿಥಿಗೆ ಯಾರೂ ಹೇಳಲಿಲ್ಲ. ಅದು ಪಾಪ, ತೋರಿಸಿದ ಬಾಗಿಲಲ್ಲೇ ನಿಂತು ತಟ್ಟುತ್ತಿತ್ತು. ವ್ಯಾಪಾರಿ ಅದಕ್ಕೂ ವೈಫೈ ದಾರಿ ತೋರಿಸಿದ. ಕಣ್ಣು ಮಿಟುಕಿಸುವಷ್ಟರಲ್ಲಿ ನಕ್ಷೆಗಳು ಹೊರಟವು. ಸೀರೆ ನೋಡಲು ಬಂದ ಹೆಂಗಸರ ಮುಂದೆಯೇ ಅವನು ಗಾದಿಯ ಮೇಲೆ ಕುಣಿದನಂತೆ.

ಚನ್ನವೀರ ತೊಡೆ ತಟ್ಟಿಕೊಂಡು ನಕ್ಕ. ತಾನೇ ತಂತಿ ಕಿತ್ತು ಅತಿಥಿಯನ್ನು ಬೈದನಲ್ಲ, ಎಂಥ ದಡ್ಡ ಎಂದು ಅವನಿಗೆ ಖುಷಿಯೋ ಖುಷಿ. ಗುರುಗಳೂ ಅವನ ಜೊತೆ ಮನಸಾರೆ ನಕ್ಕರು. ನಗು ಮುಗಿದ ಮೇಲೆ ಕೇಳಿದರು:

"ಸ್ನಾನದ ಹೊತ್ತಿಗೆ ಬಾವಿಕಟ್ಟೆಗೆ ಬಾ, ಪಾಠ ಹೇಳುತ್ತೇನೆ ಎಂದು ನೀನು ಹೇಳಿದ ಮಾತು ನಂಬಿ ಮಲ್ಲಿನಾಥ ಈಗಲೂ ದಿನಾ ಅಲ್ಲೇ ಕಾದು ಕೂರುತ್ತಾನೆ, ಬಚ್ಚಲಿಗೆ ಬಿಸಿನೀರು ಬಂದ ಮೇಲೆ ನೀನು ಆ ಕಡೆ ಹೋಗಿದ್ದುಂಟೇನಪ್ಪಾ?"